ನಡುಗುವ ನೌಕೆಯಲ್ಲಿ ನಿಂತ ದುರ್ಬೀನು

ಬಾಹ್ಯಾಕಾಶ ದೂರದರ್ಶಕವನ್ನು ಬಳಸುವ ಖಗೋಳ ವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಮ್ಮೆಯೂ ಮುಟ್ಟಿದವರಲ್ಲ. ಅದು ಕಕ್ಷೆಯಲ್ಲಿ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಇವರು ಮೇಜಿನ ಮುಂದೆ ಕುಳಿತು ಅರ್ಜಿ ಹಾಕುತ್ತಾರೆ, ಕೆಲವು ತಿಂಗಳ ಬಳಿಕ ಅಂಕಿಗಳ ಕಡತವೊಂದು ಕೈಸೇರುತ್ತದೆ. ಈ ಪದ್ಧತಿಗೆ ಹೊರತಾಗಿ ನಡೆದ ಕೆಲಸಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದವು ಎರಡು ಷಟಲ್ ಯಾನಗಳು: 1990ರ ಡಿಸೆಂಬರಿನಲ್ಲಿ ಕೊಲಂಬಿಯಾ ನೌಕೆ ಹೊತ್ತೊಯ್ದ ಆಸ್ಟ್ರೋ-1, 1995ರ ಮಾರ್ಚಿನಲ್ಲಿ ಎಂಡೆವರ್ ಹೊತ್ತೊಯ್ದ ಆಸ್ಟ್ರೋ-2. ದೂರದರ್ಶಕ ಕಟ್ಟಿದ ತಂಡದವರೇ ಅದರ ಜೊತೆಗೆ ಮೇಲೇರಿದರು. ಕಿಟಕಿಯಾಚೆ ಅದು ಎದ್ದು ನಿಂತಿರುವುದನ್ನು ಕಣ್ಣಾರೆ ಕಂಡರು, ಕೈಯಾರೆ ತಿರುಗಿಸಿದರು. ಆ ಕೆಲಸ ಹೇಗೆ ನಡೆಯುತ್ತಿತ್ತು, ಅದರಲ್ಲಿ ಕಸುಬು ಎಂಬುದು ಎಲ್ಲಿ ಅಡಗಿತ್ತು ಎಂದು ಹೇಳಲು ಇಲ್ಲಿ ಹೊರಟಿದ್ದೇನೆ.

ಮೇಲೇರಬೇಕಾದ ಕಾರಣ ಸರಳ. ನಮ್ಮ ಚರ್ಮವನ್ನು ಕಾಯುವ ಓಝೋನ್ ಪದರವೇ ಖಗೋಳ ವಿಜ್ಞಾನಿಗೆ ಅಡ್ಡಗೋಡೆ. ಬೆಳಕಿನ ಅಲೆಯುದ್ದವನ್ನು ಆಂಗ್‌ಸ್ಟ್ರಾಮ್ ಎಂಬ ಅಳತೆಯಲ್ಲಿ ಹೇಳುವುದು ಈ ಕ್ಷೇತ್ರದವರ ವಾಡಿಕೆ. ಒಂದು ಸೆಂಟಿಮೀಟರಿಗೆ ಹತ್ತು ಕೋಟಿ ಆಂಗ್‌ಸ್ಟ್ರಾಮ್. ಕಣ್ಣಿಗೆ ಕಾಣುವ ನೇರಳೆ ಬಣ್ಣ 4,000ದ ಆಸುಪಾಸಿನಲ್ಲಿ ಮುಗಿಯುತ್ತದೆ. 3,000ಕ್ಕಿಂತ ಕಿರಿದಾದ ಅಲೆಗಳು ನೆಲ ಮುಟ್ಟುವುದೇ ಇಲ್ಲ. ಆದರೆ ತೀರಾ ಬಿಸಿಯಾದ ನಕ್ಷತ್ರಗಳು ತಮ್ಮ ಬೆಳಕಿನ ಬಹುಪಾಲನ್ನು ಚೆಲ್ಲುವುದು ಅಲ್ಲಿಯೇ, ಅತಿನೇರಳೆಯಲ್ಲಿ. ಹೈಡ್ರೋಜನ್, ಆಮ್ಲಜನಕ, ಇಂಗಾಲದಂಥ ಮೂಲವಸ್ತುಗಳು ತಮ್ಮ ಸ್ಪಷ್ಟವಾದ ಗುರುತಿನ ಗೆರೆಗಳನ್ನು ಮೂಡಿಸುವುದೂ ಅಲ್ಲಿಯೇ.

1978ರಲ್ಲಿ ಹಾರಿದ ಐಯುಇ ಎಂಬ ಉಪಗ್ರಹ 1,200 ಆಂಗ್‌ಸ್ಟ್ರಾಮಿನಿಂದ ಮೇಲಿನದನ್ನು ವರ್ಷಗಟ್ಟಲೆ ಅಳೆಯುತ್ತಲೇ ಇತ್ತು. ಹಬಲ್ ದೂರದರ್ಶಕದ ಕನ್ನಡಿಯ ಲೇಪನವೂ ಹೆಚ್ಚುಕಡಿಮೆ ಅದೇ ಗಡಿಯಲ್ಲಿ ಸೋಲುತ್ತದೆ. ಅದಕ್ಕಿಂತ ಕೆಳಗೆ, ಹೈಡ್ರೋಜನ್ ಅನಿಲ ಬೆಳಕನ್ನು ಹೀರಿಬಿಡುವ 912ರ ಗೆರೆಯವರೆಗೆ, ಒಂದು ಕಿರಿದಾದ ಪಟ್ಟಿ ಉಳಿದಿತ್ತು. 1972ರ ಕೋಪರ್ನಿಕಸ್ ಉಪಗ್ರಹ ಅಲ್ಲಿ ಪ್ರಕಾಶಮಾನವಾದ ನಕ್ಷತ್ರಗಳನ್ನಷ್ಟೇ ನೋಡಬಲ್ಲದಾಗಿತ್ತು. ಮಸುಕಾದ ಗೆಲಾಕ್ಸಿಗಳು, ಕ್ವೇಸಾರ್‌ಗಳು ಆ ಪಟ್ಟಿಯಲ್ಲಿ ಹೇಗಿರುತ್ತವೆ ಎಂಬುದು ಬಹುಮಟ್ಟಿಗೆ ಕತ್ತಲೆಯಲ್ಲೇ ಇತ್ತು. ಆಸ್ಟ್ರೋ ಯಾನಗಳ ಮುಖ್ಯ ಹಸಿವು ಈ ಪಟ್ಟಿಯದು.

ಆಸ್ಟ್ರೋ-1ರಲ್ಲಿ ಹೋದದ್ದು ನಾಲ್ಕು ದೂರದರ್ಶಕಗಳು. ಮೊದಲನೆಯದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಡೇವಿಡ್‌ಸನ್ ಅವರ ಮುಂದಾಳತ್ವದಲ್ಲಿ ತಯಾರಾದದ್ದು, ಕನ್ನಡಿಯ ಅಗಲ 90 ಸೆಂಟಿಮೀಟರ್. ಇದು ಚಿತ್ರ ತೆಗೆಯುವುದಿಲ್ಲ. ಒಂದು ಸಣ್ಣ ಕಂಡಿಯ ಮೂಲಕ ಬಂದ ಬೆಳಕನ್ನು 830ರಿಂದ 1,850 ಆಂಗ್‌ಸ್ಟ್ರಾಮ್‌ವರೆಗೆ ಬಿಡಿಸಿ ಹರಡಿ ರೋಹಿತ ಬರೆಯುತ್ತದೆ. ಎರಡನೆಯದು ನಾಸಾದ ಗೊಡ್ಡಾರ್ಡ್ ಕೇಂದ್ರದ ಯುಐಟಿ. 38 ಸೆಂಟಿಮೀಟರಿನ ಕನ್ನಡಿ, ಚಿತ್ರ ತೆಗೆಯುವುದೇ ಇದರ ಕೆಲಸ. ಒಂದೇ ಚಿತ್ರದಲ್ಲಿ ಹುಣ್ಣಿಮೆಯ ಚಂದ್ರನಿಗಿಂತ ಅಗಲವಾದ ಆಕಾಶ ಹಿಡಿಯುತ್ತದೆ. ಮೂರನೆಯದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಕೋಡ್ ಅವರ ತಂಡದ ಅರ್ಧ ಮೀಟರಿನ ಉಪಕರಣ. ನಕ್ಷತ್ರದ ಬೆಳಕು ಯಾವ ದಿಕ್ಕಿನಲ್ಲಿ ಎಷ್ಟು ಧ್ರುವೀಕರಣಗೊಂಡಿದೆ ಎಂದು ಅಳೆದು, ದಾರಿಯಲ್ಲಿ ಸಿಕ್ಕ ಧೂಳಿನ ಕಣಗಳ ಆಕಾರವನ್ನೂ ಜೋಡಣೆಯನ್ನೂ ಊಹಿಸುವುದು ಇದರ ಪಾಂಡಿತ್ಯ. ನಾಲ್ಕನೆಯದು ಕ್ಷ-ಕಿರಣದ್ದು. ಅದು ಬೇರೆ ಪೀಠದ ಮೇಲೆ ಕುಳಿತಿತ್ತು, ಅದನ್ನು ನಡೆಸಿದ್ದು ನೆಲದಿಂದ. ಅದರ ಕಥೆಯನ್ನು ಇಲ್ಲಿಗೇ ಬಿಡುತ್ತೇನೆ.

ಇನ್ನು ಜನ. ಕೊಲಂಬಿಯಾದಲ್ಲಿ ಹೋದ ಏಳು ಜನರಲ್ಲಿ ನಾಲ್ವರು ಖಗೋಳ ವಿಜ್ಞಾನಿಗಳು. ಜೆಫ್ರಿ ಹಾಫ್‌ಮನ್ ಮತ್ತು ರಾಬರ್ಟ್ ಪಾರ್ಕರ್ ನಾಸಾದ ಕಾಯಂ ಗಗನಯಾನಿಗಳು. ಪಾರ್ಕರ್ 1967ರಲ್ಲೇ ಆಯ್ಕೆಯಾಗಿ, ಮೊದಲ ಹಾರಾಟಕ್ಕೆ 1983ರವರೆಗೆ ಕಾದವರು. ಇನ್ನಿಬ್ಬರು ಸ್ಯಾಮ್ಯುಯೆಲ್ ಡ್ಯುರೆನ್ಸ್ ಮತ್ತು ರೊನಾಲ್ಡ್ ಪಾರಿಸ್. ಡ್ಯುರೆನ್ಸ್ ಹಾಪ್ಕಿನ್ಸ್ ದೂರದರ್ಶಕದ ತಂಡದವರು, ಪಾರಿಸ್ ಯುಐಟಿಯವರು. ಇವರಿಬ್ಬರ ವೃತ್ತಿ ಗಗನಯಾನವಲ್ಲ. ತಮ್ಮ ಉಪಕರಣವನ್ನು ಬಲ್ಲವರು ಅದರ ಜೊತೆಗಿರಲಿ ಎಂದು 1984ರಲ್ಲಿ ಆರಿಸಿಕೊಂಡ ವಿಜ್ಞಾನಿಗಳು. ಕಮಾಂಡರ್ ವ್ಯಾನ್ಸ್ ಬ್ರ್ಯಾಂಡ್‌ಗೆ ಆಗ 59 ವರ್ಷ. 1975ರಲ್ಲಿ ಅಮೆರಿಕದ ಅಪೋಲೋ ಮತ್ತು ಸೋವಿಯತ್ ಸೋಯುಜ್ ಕಕ್ಷೆಯಲ್ಲಿ ಕೈಕುಲುಕಿದಾಗ ಅಪೋಲೋದಲ್ಲಿದ್ದವರು ಅವರು.

ಈ ಯಾನ ಮೂಲತಃ ಹೊರಡಬೇಕಿದ್ದುದು 1986ರ ಮಾರ್ಚಿನಲ್ಲಿ, ಹ್ಯಾಲಿ ಧೂಮಕೇತು ಸೂರ್ಯನ ಬಳಿ ಬಂದ ಹೊತ್ತಿಗೆ. ಜನವರಿ 28ರಂದು ಚಾಲೆಂಜರ್ ಸಿಡಿದು ಏಳು ಜನ ತೀರಿಕೊಂಡರು. ಷಟಲ್‌ಗಳೆಲ್ಲ ನೆಲ ಕಚ್ಚಿದವು. ಹ್ಯಾಲಿ ಬಂದು ಹೋಯಿತು, ಅದಕ್ಕೆಂದೇ ಸಿದ್ಧವಾಗಿದ್ದ ಕ್ಯಾಮೆರಾವನ್ನು ಇಳಿಸಿಬಿಟ್ಟರು. 1990ರ ಮೇ ತಿಂಗಳಲ್ಲಿ ಮತ್ತೆ ಸರದಿ ಬಂತು ಎನ್ನುವಾಗ ಕೊಲಂಬಿಯಾದಲ್ಲಿ ಹೈಡ್ರೋಜನ್ ಸೋರಿಕೆ ಕಾಣಿಸಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ. ಸೆಪ್ಟೆಂಬರ್‌ವರೆಗೆ ಇದೇ ಪಾಡು. ಕೊನೆಗೆ ಡಿಸೆಂಬರ್ 2ರ ನಡುರಾತ್ರಿ ದಾಟಿದ ಮೇಲೆ ಫ್ಲಾರಿಡಾದಿಂದ ನೌಕೆ ಎದ್ದಿತು. ಡ್ಯುರೆನ್ಸ್, ಪಾರಿಸ್ ಇಬ್ಬರೂ ಆರು ವರ್ಷ ಕಾದಿದ್ದರು. ಆ ಆರು ವರ್ಷ ಅವರು ಮಾಡಿದ ತಾಲೀಮು ಮುಂದೆ ಯಾರೂ ಎಣಿಸದ ರೀತಿಯಲ್ಲಿ ಕೆಲಸಕ್ಕೆ ಬಂತು.

ಈಗ ಮುಖ್ಯ ಸಂಗತಿಗೆ ಬರೋಣ. ದೂರದರ್ಶಕದ ಕೆಲಸದಲ್ಲಿ ನೋಡುವುದು ಕಷ್ಟವಲ್ಲ, ಅಲುಗದೆ ನೋಡುವುದು ಕಷ್ಟ. ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ದೂರದರ್ಶಕವನ್ನು ಬಂಡೆಗಲ್ಲಿಗೆ ಬಿಗಿದ ಕಂಬದ ಮೇಲೆ ಕೂರಿಸುತ್ತಾರೆ. ಷಟಲ್‌ಗೆ ಬಂಡೆ ಎಲ್ಲಿಂದ ಬರಬೇಕು? ಅದು ಸುಮಾರು ನೂರು ಟನ್ನಿನ ತೇಲುವ ಮನೆ. ತನ್ನ ನಿಲುವು ಕಾಯ್ದುಕೊಳ್ಳಲು ಆಗಾಗ ಪುಟ್ಟ ರಾಕೆಟ್ಟುಗಳನ್ನು ಉರಿಸುತ್ತದೆ. ಪ್ರತಿ ಉರಿಗೂ ಇಡೀ ನೌಕೆ ಒಂದಿಷ್ಟು ಜಗ್ಗುತ್ತದೆ. ಒಳಗೆ ಏಳು ಜನ. ತೂಕವಿಲ್ಲದ ಕಡೆ ಒಬ್ಬ ಮುಂದೆ ಹೋಗಬೇಕಾದರೆ ಗೋಡೆಯನ್ನು ಕೈಯಲ್ಲೋ ಕಾಲಲ್ಲೋ ಒತ್ತಲೇಬೇಕು. ಅವನು ಒತ್ತಿದ್ದು ನೌಕೆಗೆ ತಿಳಿಯುತ್ತದೆ, ನೌಕೆಗೆ ತಿಳಿದದ್ದು ದೂರದರ್ಶಕಕ್ಕೆ. ಇತ್ತ ಗುರಿ ಎಷ್ಟು ಸಣ್ಣದು? ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಆರ್ಕ್‌ಸೆಕೆಂಡ್. ನಾಲ್ಕು ಕಿಲೋಮೀಟರ್ ದೂರದಲ್ಲಿಟ್ಟ ಎರಡು ಸೆಂಟಿಮೀಟರಿನ ವಸ್ತು ನಮ್ಮ ಕಣ್ಣಿಗೆ ಮಾಡುವ ಕೋನ ಅಷ್ಟು. ಅಂಥ ಒಂದೆರಡು ಪಾಲಿಗಿಂತ ಹೆಚ್ಚು ಜಾರದಂತೆ ಅರ್ಧ ಗಂಟೆ ಹಿಡಿದು ನಿಲ್ಲಬೇಕು. ಓಡುವ ಬಸ್ಸಿನಲ್ಲಿ ನಿಂತು ಸೂಜಿಗೆ ದಾರ ಪೋಣಿಸಿದ ಹಾಗೆ. ಅದೂ ಅಕ್ಕಪಕ್ಕ ಆರು ಜನ ಓಡಾಡುತ್ತಿರುವಾಗ.

ಇದಕ್ಕೆಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಟ್ಟಿಕೊಟ್ಟಿದ್ದ ಯಂತ್ರದ ಹೆಸರು ಐಪಿಎಸ್. ಮೂರು ಅತಿನೇರಳೆ ದೂರದರ್ಶಕಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದು ಇದರ ಮೇಲೆ ಕೂರಿಸಿದ್ದರು. ಮೇಲೇರುವಾಗ ಕಟ್ಟು ನೌಕೆಯ ಸರಕಿನ ಒಡಲಲ್ಲಿ ಮಲಗಿರುತ್ತದೆ, ಕಕ್ಷೆ ಸೇರಿದ ಮೇಲೆ ಎದ್ದು ನಿಲ್ಲುತ್ತದೆ. ಐಪಿಎಸ್ ಮೂರು ಅಕ್ಷಗಳ ಮೇಲೆ ತಿರುಗಬಲ್ಲದು. ಅದರೊಳಗಿನ ಗೈರೋಗಳು ಅಲುಗಾಟವನ್ನು ಕ್ಷಣಕ್ಷಣವೂ ಅಳೆದರೆ ಮೋಟಾರುಗಳು ವಿರುದ್ಧ ದಿಕ್ಕಿಗೆ ತಿರುಗಿ ಅದನ್ನು ಸರಿದೂಗಿಸುತ್ತವೆ. ಗೈರೋಗಳೂ ನಿಧಾನವಾಗಿ ದಾರಿ ತಪ್ಪುವುದರಿಂದ ಅವನ್ನು ತಿದ್ದಲು ನಕ್ಷತ್ರ ಹಿಡಿಯುವ ಮೂರು ಪುಟ್ಟ ಕ್ಯಾಮೆರಾಗಳಿವೆ. ಒಂದು ದೂರದರ್ಶಕದ ನೇರಕ್ಕೆ ನೋಡಿದರೆ ಉಳಿದೆರಡು ಓರೆಯಾಗಿ ನೋಡುತ್ತವೆ. ಮೂರಕ್ಕೂ ತಂತಮ್ಮ ಪಟ್ಟಿಯಲ್ಲಿರುವ ನಕ್ಷತ್ರ ಸಿಕ್ಕರೆ ಯಂತ್ರಕ್ಕೆ ತಾನು ಎತ್ತ ಮುಖ ಮಾಡಿದ್ದೇನೆಂದು ಖಚಿತವಾಗುತ್ತದೆ. ಇಷ್ಟಾದ ಮೇಲೂ ಉಳಿಯುವ ಸಣ್ಣ ನಡುಕಕ್ಕೆ ಯುಐಟಿ ಮತ್ತು ವಿಸ್ಕಾನ್ಸಿನ್ ಉಪಕರಣಗಳ ಒಳಗಿನ ಕಿರಿಯ ಕನ್ನಡಿಯೇ ಸೂಕ್ಷ್ಮವಾಗಿ ವಾಲಿ, ಪ್ರತಿಬಿಂಬವನ್ನು ಇದ್ದಲ್ಲೇ ಹಿಡಿಯುತ್ತದೆ. ನಡುಕ ಹುಟ್ಟದಂತೆ ಮಾಡಲು ಯಾರೂ ಹೋಗಲಿಲ್ಲ, ಹುಟ್ಟಿದ್ದನ್ನು ಮೂರು ಹಂತದಲ್ಲಿ ಸೋಸಿದರು. ಈ ಒಂದು ತೀರ್ಮಾನಕ್ಕೇ ಆ ಎಂಜಿನಿಯರುಗಳಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಒಂದು ವೀಕ್ಷಣೆ ಹೇಗೆ ನಡೆಯುತ್ತಿತ್ತು ಎಂದು ನೋಡಿ. ಸಿಬ್ಬಂದಿ ಎರಡು ಪಾಳಿಯಾಗಿ ಹನ್ನೆರಡು ಹನ್ನೆರಡು ಗಂಟೆ ದುಡಿಯುತ್ತಿದ್ದರು. ಒಂದು ಪಾಳಿಯಲ್ಲಿ ಹಾಫ್‌ಮನ್ ಮತ್ತು ಡ್ಯುರೆನ್ಸ್, ಇನ್ನೊಂದರಲ್ಲಿ ಪಾರ್ಕರ್ ಮತ್ತು ಪಾರಿಸ್. ಅವರು ಏಳುವ ಹೊತ್ತಿಗೆ ಇವರು ಮಲಗಬೇಕು. ಕೆಲಸದ ಜಾಗ ಚಾಲಕರ ಕೋಣೆಯ ಹಿಂಭಾಗ, ಸರಕಿನ ಒಡಲಿಗೆ ತೆರೆಯುವ ಕಿಟಕಿಗಳ ಪಕ್ಕ. ಭೂಮಿಯನ್ನು ಒಮ್ಮೆ ಸುತ್ತಲು ಒಂದೂವರೆ ಗಂಟೆ. ಅದರಲ್ಲಿ ಸುಮಾರು ಅರ್ಧ ಹೊತ್ತು ನೋಡಬೇಕಾದ ನಕ್ಷತ್ರಕ್ಕೆ ಭೂಮಿಯೇ ಅಡ್ಡ. ರಾತ್ರಿಯ ಭಾಗ 35 ನಿಮಿಷದ ಆಸುಪಾಸು. ಹಗಲಿನ ಭಾಗದಲ್ಲಿ ವಾಯುಮಂಡಲದ ಮೇಲ್ಪದರದ ಅನಿಲಗಳೇ ಬಿಸಿಲಿಗೆ ಅತಿನೇರಳೆಯಲ್ಲಿ ಹೊಳೆಯುತ್ತವೆ. ಹಾಗಾಗಿ ಮಸುಕು ಗುರಿಗಳನ್ನು ರಾತ್ರಿಗೇ ಮೀಸಲಿಡಬೇಕು. ಇದರ ಮೇಲೆ ಬ್ರೆಜಿಲಿನ ಆಚೀಚೆ, ದಕ್ಷಿಣ ಅಟ್ಲಾಂಟಿಕದ ಮೇಲೆ ವಿಕಿರಣ ಪಟ್ಟಿ ತಗ್ಗಿ ಇಳಿದಿರುವ ಜಾಗ ಬಂದಾಗ ಶೋಧಕಗಳಲ್ಲಿ ಸುಳ್ಳು ಎಣಿಕೆಗಳು ಏರುತ್ತವೆ. ಇವೆಲ್ಲವನ್ನೂ ಲೆಕ್ಕ ಹಾಕಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿರುವ ಮಾರ್ಷಲ್ ಕೇಂದ್ರದ ಯೋಜಕರು ನಿಮಿಷ ನಿಮಿಷದ ಪಟ್ಟಿ ಕಳಿಸುತ್ತಿದ್ದರು. ಒಂದು ವೀಕ್ಷಣೆ ತಪ್ಪಿದರೆ ಪಟ್ಟಿ ಮತ್ತೆ ಹೊಸದಾಗಿ ಹೆಣೆಯಬೇಕು.

ಪಟ್ಟಿಯಲ್ಲಿನ ಹೊತ್ತಿಗೆ ಮೊದಲು ನೌಕೆಯೇ ಹೊರಳಿ ತನ್ನ ಬೆನ್ನನ್ನು ಗುರಿಯ ಕಡೆ ತಿರುಗಿಸುತ್ತದೆ. ಆಮೇಲೆ ಐಪಿಎಸ್ ತನ್ನ ದಾರಿತೋರುವ ನಕ್ಷತ್ರಗಳನ್ನು ಹುಡುಕುತ್ತದೆ. ಅದು ಹುಡುಕಿಕೊಂಡಿತು ಎಂದಾಗ ಹಾಪ್ಕಿನ್ಸ್ ದೂರದರ್ಶಕದೊಳಗಿನ ಟಿವಿ ಕ್ಯಾಮೆರಾ ಕಳಿಸಿದ ಚಿತ್ರ ಪರದೆಯ ಮೇಲೆ ಬರುತ್ತದೆ. ಹತ್ತಾರು ಚುಕ್ಕೆಗಳು. ವಿಜ್ಞಾನಿಯ ಕೈಯಲ್ಲಿ ಅದೇ ಜಾಗದ ನಕಾಶೆ. ಪರದೆಯ ಚುಕ್ಕೆಗಳನ್ನೂ ನಕಾಶೆಯ ಚುಕ್ಕೆಗಳನ್ನೂ ಮನಸ್ಸಿನಲ್ಲೇ ತಾಳೆ ಹಾಕಿ, ಇದು ಇಂಥ ನಕ್ಷತ್ರ, ಅದರ ಎಡಕ್ಕೆ ಇರುವ ಈ ಮಸುಕು ಕಲೆಯೇ ನಮ್ಮ ಗೆಲಾಕ್ಸಿ ಎಂದು ಗುರುತು ಹಿಡಿದು, ಜಾಯ್‌ಸ್ಟಿಕ್ಕನ್ನು ಕೂದಲೆಳೆಯಷ್ಟು ಸರಿಸಿ ಅದನ್ನು ಕಂಡಿಯ ನಡುವಿಗೆ ತರಬೇಕು. ನಿಮಿಷಗಳು ಓಡುತ್ತಿರುತ್ತವೆ. ತಪ್ಪು ನಕ್ಷತ್ರ ಹಿಡಿದರೆ ಯಂತ್ರ ಏನೂ ಹೇಳುವುದಿಲ್ಲ, ಆ ತಪ್ಪು ನಕ್ಷತ್ರದ ರೋಹಿತವನ್ನೇ ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಆಕಾಶದ ಮೂಲೆಮೂಲೆಯ ಚುಕ್ಕೆಗಳ ವಿನ್ಯಾಸ ತಲೆಯಲ್ಲಿ ಅಚ್ಚಾಗಿರಬೇಕು ಎಂಬುದು ಇದಕ್ಕೆ. ಆರು ವರ್ಷದ ತಾಲೀಮು ಎಂದೆನಲ್ಲ, ಅದರಲ್ಲಿ ದೊಡ್ಡ ಪಾಲು ಇಂಥದ್ದು.

ಕಾಗದದ ಮೇಲೆ ಇದೆಲ್ಲ ಹೀಗಿತ್ತು. ಕಕ್ಷೆಯಲ್ಲಿ ಮೊದಲ ದಿನದಿಂದಲೇ ಬೇರೆ ಆಯಿತು. ಐಪಿಎಸ್‌ನ ಕ್ಯಾಮೆರಾಗಳು ದಾರಿತೋರುವ ನಕ್ಷತ್ರಗಳನ್ನು ಗುರುತಿಸಲು ತಡಕಾಡಿದವು. 1985ರ ಜುಲೈಯಲ್ಲಿ ಸ್ಪೇಸ್‌ಲ್ಯಾಬ್-2 ಯಾನದಲ್ಲಿ ಸೂರ್ಯನನ್ನು ನೋಡಲು ಇದೇ ಯಂತ್ರವನ್ನು ಮೊದಲ ಬಾರಿಗೆ ಬಳಸಿದಾಗಲೂ ಇದು ಶುರುವಿನಲ್ಲಿ ಹೀಗೇ ಸತಾಯಿಸಿತ್ತು. ಅಷ್ಟರಲ್ಲಿ ಇನ್ನೊಂದು ಪೆಟ್ಟು. ದೂರದರ್ಶಕಗಳಿಗೆ ಆದೇಶ ಕೊಡಲು ಒಳಗೆ ಎರಡು ಪರದೆ-ಕೀಲಿಮಣೆಗಳಿದ್ದವು. ಒಂದು ಬಿಸಿಯೇರಿ ಕೆಟ್ಟಿತು. ಇನ್ನೊಂದರಲ್ಲೇ ಹೇಗೋ ಕೆಲಸ ಸಾಗುತ್ತಿರುವಾಗ, ಡಿಸೆಂಬರ್ 6ರಂದು ಅದೂ ಕೈಕೊಟ್ಟಿತು. ಮೇಲಿನವರಿಗೆ ಈಗ ದೂರದರ್ಶಕ ಕಿಟಕಿಯಲ್ಲಿ ಕಾಣುತ್ತದೆ, ಅದಕ್ಕೆ ಕೀಲಿಮಣೆಯಿಂದ ಮಾತು ತಲುಪಿಸುವ ದಾರಿ ಇಲ್ಲ.

ಯಾನ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ, ಅದಕ್ಕೆ ಕಾರಣವಾದ ಏರ್ಪಾಡು ಈ ಇಡೀ ಪ್ರಕರಣದಲ್ಲಿ ನನಗೆ ಹಿಡಿಸಿದ ಭಾಗ. ಉಪಕರಣಗಳನ್ನು ಸಜ್ಜುಗೊಳಿಸುವ, ದೂರದರ್ಶಕಗಳನ್ನು ತಿರುಗಿಸುವ ಆದೇಶಗಳನ್ನು ಹಂಟ್ಸ್‌ವಿಲ್‌ನಿಂದಲೇ ರೇಡಿಯೋ ಮೂಲಕ ಕಳಿಸಲು ತೊಡಗಿದರು. ಆದರೆ ನೆಲದಿಂದ ಹೋದ ಆದೇಶ ದೂರದರ್ಶಕವನ್ನು ಗುರಿಯ ಹತ್ತಿರ ತರಬಲ್ಲದೇ ಹೊರತು ಕಂಡಿಯ ನಡುವಿಗಲ್ಲ. ಕೊನೆಯ ಆ ಗೇಣು ದೂರ ಮೇಲಿನವರ ಪಾಲಿನದು. ಟಿವಿ ಚಿತ್ರ ಇನ್ನೂ ಬರುತ್ತಿತ್ತು, ಜಾಯ್‌ಸ್ಟಿಕ್ ಇನ್ನೂ ಕೆಲಸ ಮಾಡುತ್ತಿತ್ತು. ಕೆಳಗಿನವರು ತಿರುಗಿಸಿದರೆ ಮೇಲಿನವರು ಚುಕ್ಕೆಗಳನ್ನು ಗುರುತು ಹಿಡಿದು ಕೈಯಿಂದಲೇ ನಡುವಿಗೆ ತಂದರು. ಐಪಿಎಸ್ ಜಾರತೊಡಗಿದರೆ ಅದನ್ನೂ ಕೈಯಿಂದಲೇ ಹಿಡಿದರು. ನೂರಾರು ಜನ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಕಾರ್ಯಕ್ರಮವನ್ನು ಪಕ್ಕಕ್ಕಿಟ್ಟು, ಹಾರಾಟದ ನಡುವೆಯೇ ಹೊಸ ಪದ್ಧತಿಯೊಂದನ್ನು ರೂಢಿಸಿಕೊಂಡರು. ಯಂತ್ರ ಕೆಟ್ಟಾಗ ಗೊಣಗುವುದು ಎಲ್ಲರಿಗೂ ಬರುತ್ತದೆ. ಕೆಟ್ಟ ಯಂತ್ರದಲ್ಲಿ ಯಾವ ಭಾಗ ಇನ್ನೂ ಚೆನ್ನಾಗಿದೆ ಎಂದು ಲೆಕ್ಕ ಹಾಕುವುದು ಬಲ್ಲವರಿಗೆ ಮಾತ್ರ.

ಇಳಿಯುವ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಹವೆ ಕೆಡುವ ಸೂಚನೆ ಇದ್ದುದರಿಂದ ಯಾನವನ್ನು ಒಂದು ದಿನ ಮೊಟಕು ಮಾಡಿದರು. ಡಿಸೆಂಬರ್ 10ರ ರಾತ್ರಿ ಕೊಲಂಬಿಯಾ ಕ್ಯಾಲಿಫೋರ್ನಿಯಾದಲ್ಲಿ ಇಳಿಯಿತು. ಒಟ್ಟು ಲೆಕ್ಕ: 130 ಆಕಾಶಕಾಯಗಳ 231 ವೀಕ್ಷಣೆ. ಅಂದುಕೊಂಡದ್ದರಲ್ಲಿ ಸುಮಾರು ಶೇಕಡ 70ರಷ್ಟು ಕೈಗೆ ಬಂದಿತ್ತು.

ಏನು ಕಂಡರು? ನನ್ನ ಆಯ್ಕೆ ಒಂದು ಇಲ್ಲದ ಗೆರೆಯಿಂದ ಶುರುವಾಗುತ್ತದೆ. ಬ್ರಹ್ಮಾಂಡದ ಕಾಣದ ದ್ರವ್ಯವೆಲ್ಲ ತೂಕವುಳ್ಳ ನ್ಯೂಟ್ರಿನೋಗಳೇ ಇರಬಹುದು, ಅವು ನಿಧಾನವಾಗಿ ಕ್ಷಯಿಸುತ್ತ ಒಂದು ನಿರ್ದಿಷ್ಟ ಅಲೆಯುದ್ದದ ಅತಿನೇರಳೆ ಬೆಳಕನ್ನು ಬಿಡುತ್ತಿರಬಹುದು ಎಂದು ಬ್ರಿಟಿಷ್ ಭೌತವಿಜ್ಞಾನಿ ಡೆನಿಸ್ ಶಿಯಾಮಾ ಹೇಳಿದ್ದರು. ಸ್ಟೀಫನ್ ಹಾಕಿಂಗ್ ಅವರ ಗುರುಗಳು ಇವರು. ಹಾಗಿದ್ದರೆ ಕಾಣದ ದ್ರವ್ಯ ದಟ್ಟವಾಗಿರುವ ಗೆಲಾಕ್ಸಿ ಗುಚ್ಛಗಳಲ್ಲಿ ಆ ಬೆಳಕು ಗೆರೆಯಾಗಿ ಕಾಣಬೇಕು. ದೂರದ ಗುಚ್ಛವಾದರೆ ಗೆರೆ ಕೆಂಪಿನ ಕಡೆ ಸರಿದು ಹಾಪ್ಕಿನ್ಸ್ ದೂರದರ್ಶಕದ ಪಟ್ಟಿಯೊಳಗೇ ಬೀಳಬೇಕು. ಏಬೆಲ್ 665 ಎಂಬ ಗುಚ್ಛದ ಕಡೆ ತಿರುಗಿಸಿ ನೋಡಿದರು. ಗೆರೆ ಇರಲಿಲ್ಲ. 1991ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಇಲ್ಲ ಎಂಬ ಉತ್ತರ ಪ್ರಕಟವಾಯಿತು. ಜಾಯ್‌ಸ್ಟಿಕ್ಕಿನಿಂದ ಸರಿಹೊಂದಿಸಿದ ದೂರದರ್ಶಕವೊಂದು ದೊಡ್ಡ ಸಿದ್ಧಾಂತವೊಂದಕ್ಕೆ ಕೆಲವೇ ನಿಮಿಷಗಳಲ್ಲಿ ಗಟ್ಟಿ ಪೆಟ್ಟು ಕೊಟ್ಟಿತು.

ಇನ್ನೊಂದು ಹಳೆಯ ಒಗಟು. 1968ರಲ್ಲಿ ಹಾರಿದ ಒಎಓ-2 ಉಪಗ್ರಹ ಆಂಡ್ರೊಮಿಡಾ ಗೆಲಾಕ್ಸಿಯ ನಡುಭಾಗದಿಂದ ನಿರೀಕ್ಷೆ ಮೀರಿದ ಅತಿನೇರಳೆ ಬೆಳಕು ಬರುವುದನ್ನು ಕಂಡಿತ್ತು. ಆ ಉಪಗ್ರಹದ ವಿಸ್ಕಾನ್ಸಿನ್ ಉಪಕರಣದ ಹಿಂದಿದ್ದವರೂ ಇದೇ ಆರ್ಥರ್ ಕೋಡ್. ಮುದಿ, ಕೆಂಪು ನಕ್ಷತ್ರಗಳೇ ತುಂಬಿದ ಜಾಗದಲ್ಲಿ ಇಷ್ಟು ಬಿಸಿ ಬೆಳಕು ಹೇಗೆ? ಹೊಸ ನಕ್ಷತ್ರಗಳು ಹುಟ್ಟುತ್ತಿವೆಯೇ, ಅಥವಾ ಮುದಿಯವೇ ಹೀಗೆ ಉರಿಯುತ್ತಿವೆಯೇ? ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದು 1,200ಕ್ಕಿಂತ ಕೆಳಗಿನ ಪಟ್ಟಿಯಲ್ಲಿ. ಎನ್‌ಜಿಸಿ 1399 ಎಂಬ ದೀರ್ಘವೃತ್ತಾಕಾರದ ಗೆಲಾಕ್ಸಿಯನ್ನು ಹಾಪ್ಕಿನ್ಸ್ ದೂರದರ್ಶಕ ಅಳೆದಾಗ ಅಲ್ಲಿ ಬೆಳಕು ಏರುವ ಬದಲು ಇಳಿಯುತ್ತಿತ್ತು. ಎಳೆಯ ದೈತ್ಯ ನಕ್ಷತ್ರಗಳಾಗಿದ್ದರೆ ಹಾಗಾಗುತ್ತಿರಲಿಲ್ಲ. ಹೊರಕವಚ ಕಳೆದುಕೊಂಡು ಬಿಸಿ ಒಡಲನ್ನು ತೆರೆದಿಟ್ಟ ಮುದಿ ನಕ್ಷತ್ರಗಳೇ ಆ ಬೆಳಕಿನ ಮೂಲ ಎಂಬ ಕಡೆ ತಕ್ಕಡಿ ವಾಲಿತು.

ಯುಐಟಿಯ ಚಿತ್ರಗಳ ಸೊಗಸು ಬೇರೆ. ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛವನ್ನು ತೆಗೆದುಕೊಳ್ಳಿ. ಬೇಸಿಗೆಯ ಶುರುವಿನಲ್ಲಿ ನಮ್ಮ ಕರ್ನಾಟಕದಿಂದಲೂ ದಕ್ಷಿಣದ ಬಾನಿನಲ್ಲಿ ಮಸುಕು ಉಂಡೆಯಾಗಿ ಕಾಣುವುದು ಇದು. ನೆಲದ ದೂರದರ್ಶಕದಲ್ಲಿ ಇದರ ನಡುಭಾಗ ಲಕ್ಷಾಂತರ ನಕ್ಷತ್ರಗಳ ಗಿಜಿಗಿಜಿ. ಕಾಣುವ ಬೆಳಕಿನಿಂದ ದೂರದ ಅತಿನೇರಳೆಯಲ್ಲಿ ತಂಪಾದ ಕೆಂಪು ನಕ್ಷತ್ರಗಳು ಕಾಣೆಯಾಗಿ ಬಿಸಿಯವಷ್ಟೇ ಉಳಿಯುತ್ತವೆ. ಗಿಜಿಗಿಜಿ ಕರಗಿ ಒಂದೊಂದನ್ನೂ ಎಣಿಸಬಹುದು. ಹಾಗೆಯೇ ಎಂ81ರಂಥ ಸುರುಳಿ ಗೆಲಾಕ್ಸಿಯಲ್ಲಿ ನಡುವಿನ ಹಳದಿ ಉಬ್ಬು ಮಾಯವಾಗಿ, ಹೊಸ ನಕ್ಷತ್ರ ಹುಟ್ಟುವ ತೋಳುಗಳು ಮಾತ್ರ ಮಣಿಸರದಂತೆ ಉಳಿದವು. ಈ ಚಿತ್ರಗಳೆಲ್ಲ ಮೂಡಿದ್ದು 70 ಮಿಲಿಮೀಟರ್ ಅಗಲದ ಫಿಲಂ ಸುರುಳಿಯ ಮೇಲೆ. ಬೆಳಕನ್ನು ಹಿಗ್ಗಿಸುವ ನಳಿಕೆಯೊಂದು ಮುಂದೆ, ಹಿಂದೆ ಕೊಡಾಕ್ ಫಿಲಂ. ಅಂದಿನ ವಿದ್ಯುನ್ಮಾನ ಶೋಧಕಗಳಿಗೆ ಅಷ್ಟು ಅಗಲದ ಆಕಾಶವನ್ನು ಅಷ್ಟು ನವಿರಾಗಿ ಹಿಡಿಯುವ ಶಕ್ತಿ ಇರಲಿಲ್ಲ. ಫಿಲಂ ತೊಳೆಯಬೇಕಾದರೆ ಅದು ಮನೆಗೆ ಮರಳಲೇಬೇಕು; ಷಟಲ್ ಮರಳಿ ಬರುವ ವಾಹನ. ಉಪಗ್ರಹಕ್ಕೆ ಬದಲು ಷಟಲ್ ಏಕೆ ಎಂಬ ಪ್ರಶ್ನೆಗೆ ಯುಐಟಿಯವರ ಬಳಿ ಇಷ್ಟು ನೇರವಾದ ಉತ್ತರವಿತ್ತು.

ಮರಳಿ ಬಂದದ್ದರಿಂದ ಇನ್ನೊಂದು ಲಾಭವೂ ಆಯಿತು. ಹಾಪ್ಕಿನ್ಸ್ ದೂರದರ್ಶಕದ ಇರಿಡಿಯಂ ಲೇಪನದ ಕನ್ನಡಿಯನ್ನು ತೆಗೆದು ಸಿಲಿಕಾನ್ ಕಾರ್ಬೈಡ್ ಲೇಪನದ್ದನ್ನು ಕೂರಿಸಿದರು. ಅದರ ಗ್ರಹಣಶಕ್ತಿ ಎರಡು ಪಟ್ಟಿಗೂ ಹೆಚ್ಚಾಯಿತು. ಐಪಿಎಸ್‌ನ ತಂತ್ರಾಂಶವನ್ನೂ ತಿದ್ದಿದರು. 1995ರ ಮಾರ್ಚ್ 2ರಂದು ಎಂಡೆವರ್‌ನಲ್ಲಿ ಡ್ಯುರೆನ್ಸ್ ಮತ್ತು ಪಾರಿಸ್ ಮತ್ತೆ ಹೊರಟರು. ಜೊತೆಗೆ ಟ್ಯಾಮಿ ಜರ್ನಿಗನ್ ಮತ್ತು ಜಾನ್ ಗ್ರನ್ಸ್‌ಫೆಲ್ಡ್ ಎಂಬ ಇನ್ನಿಬ್ಬರು ವಿಜ್ಞಾನಿ-ಗಗನಯಾನಿಗಳು. ಈ ಬಾರಿ ಐಪಿಎಸ್ ಮಾತು ಕೇಳಿತು. ಹದಿನಾರೂವರೆ ದಿನ ನಡೆದ ಆ ಯಾನ ಅಲ್ಲಿಯವರೆಗಿನ ಷಟಲ್ ಯಾನಗಳಲ್ಲೇ ದೀರ್ಘವಾದದ್ದು. ಎಲ್ಲವೂ ನೆಟ್ಟಗಾಯಿತು ಎಂದಲ್ಲ; ಯುಐಟಿಯ ಎರಡು ಕ್ಯಾಮೆರಾಗಳಲ್ಲಿ ಕಾಣುವ ಬೆಳಕಿಗೆ ಹತ್ತಿರದ ಅತಿನೇರಳೆಯದ್ದು ಕೈಕೊಟ್ಟಿತು, ಒಂದರಲ್ಲೇ ಮುಗಿಸಬೇಕಾಯಿತು.

ಆಸ್ಟ್ರೋ-2ರ ಫಲಗಳಲ್ಲಿ ಮೇಲ್ಮಟ್ಟದ್ದು ಹೀಲಿಯಂ ಕುರಿತದ್ದು. ಬ್ರಹ್ಮಾಂಡದ ಆರಂಭದಲ್ಲಿ ಹೈಡ್ರೋಜನ್ ಜೊತೆ ಹುಟ್ಟಿದ ಹೀಲಿಯಂ ಗೆಲಾಕ್ಸಿಗಳ ನಡುವಿನ ಬಯಲಲ್ಲಿ ಈಗಲೂ ಹರಡಿರಬೇಕು. ಅದು ಬೆಳಕನ್ನು ಹೀರುವುದು 304 ಆಂಗ್‌ಸ್ಟ್ರಾಮಿನಲ್ಲಿ. ನಮ್ಮ ಗೆಲಾಕ್ಸಿಯ ಹೈಡ್ರೋಜನ್ ದಾಟಿ ಆ ಬೆಳಕು ಬರಲಾರದು. ಆದರೆ ಬಹುದೂರದ ಕ್ವೇಸಾರ್ ಆದರೆ, ಬ್ರಹ್ಮಾಂಡದ ಹಿಗ್ಗುವಿಕೆಯಿಂದ ಆ 304ರ ಗುರುತು ಉದ್ದಕ್ಕೆ ಎಳೆದು 1,100ರ ಆಚೆಗೆ ಬರುತ್ತದೆ. ಹಾಪ್ಕಿನ್ಸ್ ದೂರದರ್ಶಕಕ್ಕೆ ಹೇಳಿ ಮಾಡಿಸಿದ ಜಾಗ ಅದು. ಸುಮಾರು ಸಾವಿರ ಕೋಟಿ ವರ್ಷ ಪಯಣಿಸಿ ಬಂದ ಎಚ್‌ಎಸ್ 1700+64 ಎಂಬ ಕ್ವೇಸಾರಿನ ಬೆಳಕಿನಲ್ಲಿ ಆ ಹೀಲಿಯಂ ಎಷ್ಟು ಹೀರಿಕೊಂಡಿದೆ ಎಂಬುದನ್ನು ಅದು ಅಳೆಯಿತು. 1996ರಲ್ಲಿ ಡೇವಿಡ್‌ಸನ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು.

ಮೆಚ್ಚುಗೆ ಒಂದು ಕಡೆ ಇರಲಿ, ಲೆಕ್ಕ ಬೇರೆ. ಖಗೋಳ ವೀಕ್ಷಣೆಗೆಂದು ಮನುಷ್ಯರನ್ನು ಕಕ್ಷೆಗೆ ಕಳಿಸುವುದು ದುಬಾರಿ ದಾರಿ. ಐಯುಇ ಉಪಗ್ರಹ ಯಾರ ಜೊತೆಯೂ ಇಲ್ಲದೆ 1996ರವರೆಗೆ, ಹದಿನೆಂಟು ವರ್ಷ ದುಡಿಯಿತು; ಎರಡೂ ಆಸ್ಟ್ರೋ ಯಾನಗಳನ್ನು ಕೂಡಿಸಿದರೂ ಒಂದು ತಿಂಗಳಾಗುವುದಿಲ್ಲ. ಉಸಿರಾಡುವ, ಓಡಾಡುವ ಜನ ದೂರದರ್ಶಕದ ಪಕ್ಕದಲ್ಲಿರುವುದೇ ಅದಕ್ಕೊಂದು ಉಪದ್ರವ. 1999ರಲ್ಲಿ ಅದೇ ಜಾನ್ಸ್ ಹಾಪ್ಕಿನ್ಸ್‌ನವರು ಫ್ಯೂಸ್ ಎಂಬ ಉಪಗ್ರಹದ ಮೂಲಕ ಅದೇ ಅಲೆಪಟ್ಟಿಯನ್ನು ಇನ್ನೂ ಸೂಕ್ಷ್ಮವಾಗಿ ನೋಡತೊಡಗಿದಾಗ ಅದರಲ್ಲಿ ಯಾರೂ ಹೋಗಬೇಕಾಗಲಿಲ್ಲ. ಅದು ಸರಿಯಾದ ದಾರಿಯೇ. ಆದರೆ ಆಸ್ಟ್ರೋದಲ್ಲಿ ಪಳಗಿದ ಕೈಗಳು ವ್ಯರ್ಥವಾಗಲಿಲ್ಲ. ಕನ್ನಡಿಯ ದೋಷದಿಂದ ಮಂಕಾಗಿದ್ದ ಹಬಲ್ ದೂರದರ್ಶಕವನ್ನು 1993ರ ಡಿಸೆಂಬರಿನಲ್ಲಿ ನೌಕೆಯಿಂದ ಹೊರಬಂದು ರಿಪೇರಿ ಮಾಡಿದವರಲ್ಲಿ ಹಾಫ್‌ಮನ್ ಒಬ್ಬರು. ಗ್ರನ್ಸ್‌ಫೆಲ್ಡ್ ಅದೇ ಹಬಲ್‌ಗಾಗಿ 1999, 2002 ಮತ್ತು 2009ರಲ್ಲಿ ಮೂರು ಸಲ ಹೋದರು. ವಿಜ್ಞಾನಿ ಮೇಲೆ ಹೋಗಬೇಕಾದದ್ದು ನೋಡಲಿಕ್ಕಲ್ಲ, ಕೆಟ್ಟಾಗ ಸರಿಪಡಿಸಲಿಕ್ಕೆ ಎಂದು ನಾನಂತೂ ಇದರಿಂದ ತಿಳಿದುಕೊಂಡಿದ್ದೇನೆ.

ಈ ಕಥೆಗೆ ನಮ್ಮ ಕಡೆಯ ಕೊಂಡಿಯೂ ಇದೆ. 1985ರಲ್ಲಿ ಚಾಲೆಂಜರ್ ಹೊತ್ತೊಯ್ದ ಸ್ಪೇಸ್‌ಲ್ಯಾಬ್-3ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನುರಾಧಾ ಎಂಬ ವಿಶ್ವಕಿರಣ ಪ್ರಯೋಗ ಹೋಗಿಬಂದಿತ್ತು. ಮೂವತ್ತು ವರ್ಷದ ಬಳಿಕ, 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಯುವಿಐಟಿ ಇತ್ತು. ಅದರ ಜೋಡಿ ದೂರದರ್ಶಕಗಳ ಜೋಡಣೆ ನಡೆದದ್ದು ಹೊಸಕೋಟೆಯ ಪ್ರಯೋಗಾಲಯದಲ್ಲಿ. ಕನ್ನಡಿಯ ಅಗಲ ಹೆಚ್ಚುಕಡಿಮೆ ಯುಐಟಿಯಷ್ಟೇ, 38 ಸೆಂಟಿಮೀಟರ್. ಅಲುಗಾಟದ ಸಮಸ್ಯೆಯನ್ನು ಇದು ಬಗೆಹರಿಸಿಕೊಂಡ ರೀತಿ ಮಾತ್ರ ಬೇರೆ. ಉಪಗ್ರಹ ಅಲುಗಲಿ ಬಿಡಿ ಎಂದು ಸೆಕೆಂಡಿಗೆ ಸುಮಾರು 29ರಂತೆ ಚಿತ್ರ ತೆಗೆಯುವುದು, ಯಾವ ಕ್ಷಣದಲ್ಲಿ ಎಷ್ಟು ಜಾರಿತ್ತೆಂದು ಆಮೇಲೆ ನೆಲದ ಮೇಲೆ ಲೆಕ್ಕ ಹಾಕಿ ಒಂದರ ಮೇಲೊಂದು ಸರಿಯಾಗಿ ಜೋಡಿಸುವುದು. ಐಪಿಎಸ್ ಇಲ್ಲ, ಜಾಯ್‌ಸ್ಟಿಕ್ ಇಲ್ಲ. ದಕ್ಷಿಣ ಅಟ್ಲಾಂಟಿಕದ ವಿಕಿರಣ ಪಟ್ಟಿಯ ಕಾಟ ಕಡಿಮೆ ಮಾಡಲೆಂದು ಕಕ್ಷೆಯನ್ನೇ ಭೂಮಧ್ಯರೇಖೆಗೆ ಕೇವಲ 6 ಡಿಗ್ರಿ ಓರೆಯಲ್ಲಿ ಆರಿಸಿದರು. ವಿಚಿತ್ರವೆಂದರೆ 2018ರಲ್ಲಿ ಇದರಲ್ಲೂ ಕೈಕೊಟ್ಟದ್ದು ಹತ್ತಿರದ ಅತಿನೇರಳೆಯ ಭಾಗವೇ. ಯುಐಟಿಯ ಹಾಗೆ ಇದೂ ಉಳಿದದ್ದರಲ್ಲೇ ಕೆಲಸ ಮುಂದುವರಿಸಿತು.

ಪಾರಿಸ್ 2008ರಲ್ಲಿ, ಡ್ಯುರೆನ್ಸ್ 2023ರಲ್ಲಿ ತೀರಿಕೊಂಡರು. ಅವರು ಕೈಯಾರೆ ಕಂಡಿಯ ನಡುವಿಗೆ ತಂದ ಕಾಯಗಳ ರೋಹಿತಗಳೂ ಚಿತ್ರಗಳೂ ಬಾಲ್ಟಿಮೋರಿನ ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯ ಭಂಡಾರದಲ್ಲಿವೆ. ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿದೆ. ಎರಡೂ ಕಡೆ ಸಾರ್ವಜನಿಕರಿಗೆ ಪ್ರವೇಶವಿದೆ, ಶುಲ್ಕವಿಲ್ಲ. ಭೌತಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಅವರಿಗೆ ಈ ವಿಷಯ ತಿಳಿಸಿ.